ಚಿಗವ್ವನ ಸಮುದ್ರಸ್ನಾನ

ನಾನು ಒಬ್ಬಳೇ ಹೋದ ದೇಶಗಳಲ್ಲಿ ಹೇಳಿಕೊಳ್ಳುವಂಥದ್ದು ಏನೂ ಆಗುವುದಿಲ್ಲ. ಮನೆಯವರಲ್ಲಿ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋದರೆ ಸಾಕು, ವಿಮಾನ ನೆಲ ಬಿಡುವ ಮೊದಲೇ ಶುರುವಾಗುತ್ತದೆ. ಹೋದ ವರ್ಷ ಆಲೂರಿನ ಚಿಕ್ಕಮ್ಮನನ್ನು, ನಮ್ಮ ಚಿಗವ್ವನನ್ನು, ಶ್ರೀಲಂಕಾಕ್ಕೆ ಕರೆದೊಯ್ದೆ. ಅಂಗನವಾಡಿ ಕೆಲಸದಿಂದ ನಿವೃತ್ತಳಾದ ಅವಳಿಗೆ ಇದ್ದದ್ದು ಒಂದೇ ಆಸೆ: ಒಂದು ಸಲ ಸಮುದ್ರದಲ್ಲಿ ಮುಳುಗಬೇಕು. ಅಲ್ಲಿಯವರೆಗೆ ಅವಳು ಕಂಡ ದೊಡ್ಡ ನೀರೆಂದರೆ ಮಂತ್ರಾಲಯದ ತುಂಗಭದ್ರೆ.

೧. ಷರತ್ತು

ವಿಮಾನದಲ್ಲಿ ಬೆಲ್ಟು ಬಿಗಿದ ಮೇಲೆ ಚಿಗವ್ವ ವಿಷಯ ತೆಗೆದಳು. ಹುಣ್ಣಿಮೆ, ಅಮಾವಾಸ್ಯೆ ಬಿಟ್ಟು ಬೇರೆ ದಿನ ಸಮುದ್ರ ಮುಟ್ಟಬಾರದಂತೆ. ಮಂತ್ರಾಲಯದ ಆಚಾರ್ರು ಹೇಳಿದ್ದಾರಂತೆ. ಹುಣ್ಣಿಮೆ ಇದ್ದದ್ದು ನಮ್ಮ ಪ್ರವಾಸದ ಏಳನೆಯ ದಿನ, ಅದೇ ಸಂಜೆ ವಾಪಸು ಹೊರಡಬೇಕು. ಸುತ್ತ ಸಮುದ್ರವೇ ಇರುವ ದೇಶದಲ್ಲಿ ಆರು ದಿನ ಅದನ್ನು ಮುಟ್ಟದೆ ಇರುವುದು ಹೇಗೆ ಅಂದೆ.

"ನಾನಂತೂ ಮುಟ್ಟೂದಿಲ್ಲ. ಸಮುದ್ರಕ್ಕ ಏನು ಹೇಳ್ತೀಯೋ ನೀ ಹೇಳ್ಕೋ," ಅಂದಳು.

೨. ಓಟ

ದಿನಾ ಬೆಳಿಗ್ಗೆ ದಂಡೆಗೆ ಹೋಗುವುದು ಮಾತ್ರ ತಪ್ಪಿಸಲಿಲ್ಲ. ಅಲೆ ಹಿಂದೆ ಸರಿದರೆ ಸೀರೆ ಎತ್ತಿ ಕಟ್ಟಿಕೊಂಡು ನಾಲ್ಕು ಹೆಜ್ಜೆ ಮುಂದೆ, ಅಲೆ ಬಂದರೆ ಓಡಿ ಐದು ಹೆಜ್ಜೆ ಹಿಂದೆ. ನಾನು ಈಜುತ್ತಲೇ ನೋಡಿ ನಗುತ್ತಿದ್ದೆ. ಮೂರನೆಯ ದಿನ ನೋಡಿದರೆ ಇಬ್ಬರು ಬಿಳಿಯ ಹೆಂಗಸರು ಅವಳ ಹಿಂದೆಯೇ ಹಾಗೇ ಓಡುತ್ತಿದ್ದಾರೆ. ಒಬ್ಬಾಕೆ ನನ್ನ ಹತ್ತಿರ ಬಂದು, ಈ ವ್ಯಾಯಾಮ ಎಷ್ಟು ನಿಮಿಷ ಮಾಡಬೇಕು ಎಂದು ಕೇಳಿದಳು.

ಚಿಗವ್ವನಿಗೆ ಹೇಳಿದೆ. "ಹುಣ್ಣಿಮಿ ತನಕ ಅನ್ನು," ಅಂದಳು.

೩. ತಿಮಿಂಗಿಲ

ದೋಣಿಯಲ್ಲಿ ತಿಮಿಂಗಿಲ ನೋಡಲು ಹೋದೆವು. ಚಿಗವ್ವ ನನ್ನ ರೈನ್‌ಕೋಟು ತೊಟ್ಟು, ಮೇಲೆ ಛತ್ರಿ ಹಿಡಿದು ನಟ್ಟನಡುವೆ ಕೂತಳು. ಬೆಟ್ಟದಂಥ ಬೆನ್ನೊಂದು ಮೇಲೆದ್ದಾಗ ಎಲ್ಲವನ್ನೂ ಮರೆತು ಛತ್ರಿ ಕೆಳಗಿಟ್ಟಳು. ತಿಮಿಂಗಿಲ ಬುಸ್ಸೆಂದು ಚಿಮ್ಮಿಸಿದ್ದು ಗಾಳಿಗೆ ನೇರ ಅವಳ ಮುಖಕ್ಕೇ ಬಂತು. ವ್ರತ ಕೆಟ್ಟಿತಲ್ಲ ಅಂದೆ.

ಸೆರಗಿನಿಂದ ಮುಖ ಒರೆಸಿಕೊಂಡು ತೀರ್ಪು ಕೊಟ್ಟಳು: "ಇದು ಸಮುದ್ರ ಅಲ್ಲ ಬಿಡು. ಅದರ ಸೀನು."

೪. ಹುಣ್ಣಿಮೆ

ಆ ದೇಶದಲ್ಲಿ ಪ್ರತಿ ಹುಣ್ಣಿಮೆಗೂ ಸರ್ಕಾರಿ ರಜೆ. ಇದು ಸರ್ಕಾರ ಅಂದರೆ ಎಂದು ಹೊಗಳುತ್ತಾ ಚಿಗವ್ವ ಅರಿಶಿನ ಕುಂಕುಮದೊಂದಿಗೆ ದಂಡೆಗೆ ಬಂದಳು. ನೋಡಿದರೆ ಕೆಂಪು ಬಾವುಟ. ಹುಣ್ಣಿಮೆಯ ಉಬ್ಬರ ಜೋರಾಗಿದೆ, ಇವತ್ತೊಂದು ದಿನ ಯಾರೂ ಇಳಿಯುವಂತಿಲ್ಲ ಎಂದು ಕಾವಲಿನವನು ಸೀಟಿ ಊದಿದ. ಬೇಕಿದ್ದರೆ ಒಂದು ಬಕೆಟ್ ನೀರು ತಂದು ಸುರಿಯುತ್ತೇನೆ ಅಂದ.

"ಬಕೀಟಿನ ಉಪ್ಪುನೀರು ನಮ್ಮ ಬೋರಿನಾಗ ದಿನಾ ಬರತೈತಿ," ಅಂದಳು. ಆಮೇಲೆ ಅವಳ ದನಿ ಇಳಿಯಿತು. "ಆರು ದಿನ ಇದರ ಮುಂದ ಕೂತು ಒಂದು ಬೆರಳು ಅದ್ದಿಲ್ಲ ಅಂತ ಹೇಳವ್ವ ಅವನಿಗೆ. ಮತ್ತ ನಾ ಎಲ್ಲಿ ಬರ್ತೀನಿ?"

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅಲೆ ಕಂಡರೆ ಓಡುವ ಈ ಅಜ್ಜಿಗೆ ನೀರೆಂದರೆ ಭಯ ಅಂತ ಅವನು ತಿಳಿದಿದ್ದನಂತೆ. ಕೊನೆಗೆ ಮೊಣಕಾಲು ಮಟ್ಟದಲ್ಲಿ, ತಾನು ಕೈ ಹಿಡಿದಿರುವಾಗ, ಮೂರೇ ಮುಳುಗು ಎಂದು ಒಪ್ಪಿದ.

ಮೂರು ಅವಳ ಪಾಲಿನದು. ಆಮೇಲೆ ಮಗನ ಹೆಸರಲ್ಲಿ ಒಂದು, ಸೊಸೆಯದೊಂದು, ಚಿಪ್ಪಗಿರಿ ಬೀಗರದು, ಅಂಗನವಾಡಿ ಆಯಾಳದು. ಪ್ರತಿ ಸಲವೂ ಅವಳು ಮುಳುಗಿ ಹೋದಳೆಂದೇ ಅವನು ಗಾಬರಿಯಿಂದ ಎತ್ತುತ್ತಿದ್ದ. ನನ್ನದೆಲ್ಲಿ ಅಂದೆ. "ಮುಟ್ಟಬಾರದ ದಿನ ಈಜಿದಾಕಿ ನೀ. ನಿನಗ ಒಂದರಾಗ ಮುಗಿಯೂದಿಲ್ಲ," ಎಂದು ನನ್ನ ಹೆಸರಲ್ಲಿ ನಾಲ್ಕು ಹಾಕಿದಳು. ಕಡೆಗೆ ಅವನ ಹೆಸರು ಕೇಳಿ, ಅವನ ಪಾಲಿಗೂ ಒಂದು ಮುಳುಗಿ ಮೇಲೆ ಬಂದಳು.

ಆಮೇಲೆ ಅವನು ನನ್ನನ್ನು ಪಕ್ಕಕ್ಕೆ ಕರೆದು, ಹೆಸರು ಯಾಕೆ ಕೇಳಿದರು, ದೂರು ಕೊಡುತ್ತಾರಾ ಅಂದ. ಇಲ್ಲಪ್ಪ, ಆ ಹೆಸರಿನವನಿಗೆ ಪುಣ್ಯ ಬರಲಿ ಅಂತ ಮುಳುಗಿದ್ದು ಅಂದೆ.

ಅವನ ಮುಖ ಸಣ್ಣದಾಯಿತು. ಹೆದರಿ ತನ್ನ ಮೇಲಧಿಕಾರಿಯ ಹೆಸರು ಹೇಳಿಬಿಟ್ಟಿದ್ದ.

ಟವೆಲ್ ಸುತ್ತಿಕೊಂಡು ಕೂತಿದ್ದ ಚಿಗವ್ವನ ಮುಂದೆ ಹೋಗಿ ನಿಂತು, ಎದೆ ಮುಟ್ಟಿ ನಿಜವಾದ ಹೆಸರು ಹೇಳಿದ. ತಾನೇ ಕೈ ಹಿಡಿದು, ಕೆಂಪು ಬಾವುಟ ದಾಟಿಸಿ ಮತ್ತೆ ನೀರಿಗಿಳಿಸಿದ. ಚಿಗವ್ವ ಮುಳುಗಿ ಏಳುವಷ್ಟರಲ್ಲಿ ತನ್ನ ಹೆಂಡತಿಯ ಹೆಸರು ಹೇಳತೊಡಗಿದ್ದ.