ಕೊರಳಲ್ಲಿ ಇದೆಯಾ?

ನಾನು ಕೆಟ್ಟವನಲ್ಲ, ಸೋಮಾರಿ ಅಷ್ಟೆ. ಇವೆರಡಕ್ಕೂ ವ್ಯತ್ಯಾಸವಿದೆ ಎಂದು ನನ್ನ ಹೆಂಡತಿ ಇವತ್ತಿಗೂ ಒಪ್ಪಿಲ್ಲ. ನನ್ನ ಸೋಮಾರಿತನ ಮಲಗಿ ನಿದ್ದೆ ಹೊಡೆಯುವ ಜಾತಿಯದೂ ಅಲ್ಲ. ಬೆಳಗಿನಿಂದ ಸಂಜೆಯವರೆಗೆ ಬೆನ್ನು ಬಗ್ಗಿಸಿ ದುಡಿಯುತ್ತೇನೆ. ಆದರೆ ಹತ್ತು ಮಾತು ಬೇಕಾದ ಕಡೆ ಎರಡರಲ್ಲಿ ಮುಗಿಸುವುದು, ಬಗ್ಗಿಸಿದ ತಲೆಯನ್ನು ಎತ್ತದಿರುವುದು, ಇವೆರಡು ನನ್ನ ಚಟ. ಈ ಚಟದಿಂದ ಒಂದು ಹಟ್ಟಿಗೆ ಹಟ್ಟಿಯನ್ನೇ ನಾನು ಕಾಯಿಲೆ ಬೀಳಿಸಿದ್ದುಂಟು. ಆಮೇಲೆ ಗುಣಪಡಿಸಿದ್ದೂ ನಾನೇ. ಔಷಧಿ ಮಾತ್ರ ಒಂದು ತೊಟ್ಟೂ ಖರ್ಚಾಗಲಿಲ್ಲ.

ಆಗ ನಾನು ಊಟಿಯ ಒಂದು ಡಿಸ್ಪೆನ್ಸರಿಯಲ್ಲಿ ರಿಜಿಸ್ಟರು ಬರೆಯುವ ಗುಮಾಸ್ತ. ಸರ್ಕಾರದವರು ಕಾಯಿಲೆಗಳ ಹೆಸರಿನ ಒಂದು ದಪ್ಪ ಪುಸ್ತಕ ಕೊಟ್ಟಿದ್ದರು. ಒಂದೊಂದು ಕಾಯಿಲೆಗೂ ಒಂದೊಂದು ನಂಬರು. ರೋಗಿ ಎಷ್ಟೇ ನರಳಲಿ, ನಾನು ಬರೆಯಬೇಕಾದದ್ದು ಆ ನಂಬರನ್ನಷ್ಟೇ. ಹೊಟ್ಟೆನೋವೆಂದು ಒಬ್ಬ ಮುದುಕ ಅರ್ಧ ಗಂಟೆ ತನ್ನ ಸೊಸೆಯ ಅಡುಗೆಯನ್ನು ಬಯ್ದರೂ ಪುಸ್ತಕದಲ್ಲಿ ಸೊಸೆಗೆ ನಂಬರಿರಲಿಲ್ಲ. ಗಳಗಂಡ, ಅಂದರೆ ಕೊರಳಿನ ಮುಂದೆ ಗಡ್ಡೆಯಂತೆ ಊದುವ ಕಾಯಿಲೆ, ಅದರ ನಂಬರು ಎಪ್ಪತ್ತೆರಡು. ಯಾವ ಹಟ್ಟಿಯಲ್ಲಿ ಎಷ್ಟು ಎಪ್ಪತ್ತೆರಡು ಇವೆ ಎಂದು ಲೆಕ್ಕ ಕಳುಹಿಸಲು ಮೇಲಿನಿಂದ ಕಾಗದ ಬಂತು. ಕುಡಿಯುವ ನೀರಿನ ದೋಷವೇ ಇದಕ್ಕೆ ಕಾರಣವೆಂದು ಮೇಲಿನವರಿಗೆ ಅನುಮಾನ.

ಸಿಡುಬು ಬಾರದಂತೆ ತೋಳಿಗೆ ದೇವಿ ಹಾಕಲು ಡಾಕ್ಟರು ಹೊರಟಿದ್ದ ಹಟ್ಟಿಯಲ್ಲೇ ಈ ಲೆಕ್ಕವನ್ನೂ ಮುಗಿಸುವುದೆಂದಾಯಿತು. ಅದು ನನ್ನ ಅಕ್ಕ ಬಸಮ್ಮನನ್ನು ಕೊಟ್ಟ ಹಟ್ಟಿ. ಎಲ್ಲ ನಮ್ಮ ಹಾಗೆ ಲಿಂಗವಂತರ ಮನೆಗಳೇ. ಡಾಕ್ಟರು ತಂಜಾವೂರಿನ ಕಡೆಯವರು, ಚಳಿಯೆಂದರೆ ಪ್ರಾಣಭಯ. ಕಂಬಳಿ ಶಾಲಿನೊಳಗಿಂದ ಮೂಗು ಮಾತ್ರ ಹೊರಹಾಕಿ, "ತೋಳು ನಂದು, ಕೊರಳು ನಿಂದು. ಸೀಕ್ರಂ ಆಗಲಿ ಅಯ್ಯಾ," ಎಂದರು.

ನಾನು ಕೇಳಬೇಕಾಗಿದ್ದ ಪ್ರಶ್ನೆ ಇದು: "ನಿಮ್ಮ ಕೊರಳಿನ ಮುಂಭಾಗದಲ್ಲಿ ನೋವಿಲ್ಲದೆ ಬೆಳೆದ ಊತ ಏನಾದರೂ ಇದೆಯೇ?" ಮೊದಲ ನಾಲ್ಕು ಜನಕ್ಕೆ ಹೀಗೇ ಕೇಳಿದೆ. ಇಲ್ಲವೆಂದರು. ಐದನೆಯವನ ಹೊತ್ತಿಗೆ ಪ್ರಶ್ನೆಯಿಂದ ನೋವು ಬಿಟ್ಟುಹೋಯಿತು. ಏಳನೆಯವಳ ಹೊತ್ತಿಗೆ ಊತವೂ ಹೋಯಿತು. ಅಲ್ಲಿಂದ ಮುಂದಕ್ಕೆ ತಲೆ ಎತ್ತದೆ ಒಂದೇ ಸಮನೆ, "ಕೊರಳಲ್ಲಿ ಇದೆಯಾ?"

"ಇದೆ ಸ್ವಾಮಿ."

"ಕೊರಳಲ್ಲಿ ಇದೆಯಾ?"

"ಇಲ್ಲದೆ ಹೊರಗೆ ಬರ್ತೀವಾ?"

ಎಪ್ಪತ್ತೆರಡು, ಎಪ್ಪತ್ತೆರಡು. ಅಕ್ಕನೂ ಸಾಲಿನಲ್ಲಿ ಬಂದಳು. "ಇದೆ ಕಣೋ, ಎಲ್ಲಿಗೆ ಹೋಗುತ್ತೆ!" ಎಂದು ನಕ್ಕಳು. ಇಂಥ ಕಾಯಿಲೆಯಲ್ಲೂ ನಗುತ್ತಾಳಲ್ಲ ಎಂದು ಮರುಗಿದೆ. ಅವಳ ಕೊರಳು ನೋಡುವ ಧೈರ್ಯವಾಗದೆ ತಲೆಯನ್ನು ಇನ್ನಷ್ಟು ತಗ್ಗಿಸಿ ಅವಳನ್ನೂ ಎಪ್ಪತ್ತೆರಡು ಮಾಡಿದೆ.

ಕೆಲವು ವಾರಗಳ ಮೇಲೆ ಅಕ್ಕ ಡಿಸ್ಪೆನ್ಸರಿಗೇ ಬಂದಳು. ಈ ಸಲ ನಗು ಇರಲಿಲ್ಲ. ಹಟ್ಟಿಯ ಹಳ್ಳದ ಪಕ್ಕ ಸರ್ಕಾರದವರು ಹಲಗೆ ನೆಟ್ಟಿದ್ದರಂತೆ: ಈ ನೀರು ಕುಡಿದರೆ ಕೊರಳು ಊದುತ್ತದೆ. ಅಕ್ಕನ ಮಗಳು ಗೌರಿಗೆ ಸೋಲೂರಿನ ಕಡೆ ಗಂಡು ಗೊತ್ತಾಗಿತ್ತು. ಅವರು ಹಲಗೆ ಓದಿಕೊಂಡು ಬಾಗಿಲಿಗೂ ಬರದೆ ಹಾಗೇ ಹಿಂತಿರುಗಿದ್ದರು.

"ಹುಡುಗಿ ಮೂರು ದಿನದಿಂದ ಉಂಡಿಲ್ಲೆ. ಏನ ಬರೆದೆ ತಮ್ಮಾ ನೀನು?"

"ನೀನೇ ಹೇಳಿದೆಯಲ್ಲಕ್ಕಾ, ಕೊರಳಲ್ಲಿ ಇದೆ ಅಂತ."

"ಊಟಕ್ಕೆ ಕೂರೋ ಮುಂಚೆ ನಮ್ಮ ಹೆತ್ತೆ ದಿನಾ ಏನ ಕೇಳ್ತಿದ್ದಳು, ಜ್ಞಾಪಿಸಿಕೋ!"

ನನ್ನ ಕೈ ತಾನಾಗಿ ಕೊರಳಿಗೆ ಹೋಯಿತು. ಲಿಂಗ ಇತ್ತು. ಹೆತ್ತೆ, ಅಂದರೆ ನಮ್ಮ ಅಜ್ಜಿ, ನಮ್ಮನ್ನು ಸಾಲಾಗಿ ಕೂರಿಸಿ, ಯಾರಾದರೂ ಸ್ನಾನದ ಮನೆಯಲ್ಲಿ ಲಿಂಗ ಬಿಟ್ಟುಬಂದಿದ್ದಾರೇನೋ ಎಂದು ಕೇಳುತ್ತಿದ್ದ ಮಾತನ್ನೇ ನಾನು ಅಕ್ಷರ ಬಿಡದೆ ಕೇಳಿದ್ದೆ. ಇಡೀ ಹಟ್ಟಿಯ ಶಿವಭಕ್ತಿಯನ್ನು ಗಳಗಂಡವೆಂದು ಬರೆದು ಕಳುಹಿಸಿದ್ದೆ.

ಡಾಕ್ಟರಿಗೆ ಹೇಳಿದೆ. ಅವರು ಹಣೆ ಚಚ್ಚಿಕೊಂಡರು. "ಎನ್ನಯ್ಯಾ ಇದು! ಮೇಲೆ ಹೋದ ನಂಬರು ಕೆಳಗೆ ಬರುತ್ತಾ? ಕಾಲಂ ನೋಡು." ರಿಜಿಸ್ಟರಿನ ಕೊನೆಯಲ್ಲಿ ನಾಲ್ಕು ಕಾಲಂ ಇದ್ದವು: ಗುಣವಾದವರು, ಸುಧಾರಿಸಿದವರು, ಹೇಳದೆ ಹೋದವರು, ತೀರಿಕೊಂಡವರು. ಕಾಯಿಲೆಯೇ ಇರಲಿಲ್ಲ ಎನ್ನಲು ಜಾಗವಿಲ್ಲ.

"ತೀರಿಕೊಂಡರು ಅಂತ ಬರೆದೀಯ, ಜೋಕೆ!" ಎಂದಳು ಅಕ್ಕ.

ಎಲ್ಲರೂ ಗುಣವಾದವರು ಎಂದು ಬರೆದೆ. ಹಲಗೆ ಕಿತ್ತರು. ಇಷ್ಟಕ್ಕೆ ಮುಗಿಯಿತೆಂದುಕೊಂಡರೆ ಸುದ್ದಿ ನನಗಿಂತ ಚುರುಕು. ಒಂದು ಬೆಳಿಗ್ಗೆ ಗಂಡಿನ ಅಜ್ಜಿ ಸೋಲೂರಿನಿಂದ ಬಂದು ನನ್ನ ಮೇಜಿನ ಮುಂದೆ ನಿಂತರು. ಕೊರಳಿಗೆ ಸುತ್ತಿದ್ದ ಬಿಳಿ ಬಟ್ಟೆಯನ್ನು ಮೆಲ್ಲಗೆ ಸರಿಸಿದರು. ಅಂದು ತಲೆ ಎತ್ತಿ ನೋಡಿದೆ. ಕಿತ್ತಳೆ ಹಣ್ಣಿನಷ್ಟು ಗಡ್ಡೆ. ರಿಜಿಸ್ಟರಿನ ಹೊರಗೆ ನಾನು ಕಂಡ ಮೊದಲ ಎಪ್ಪತ್ತೆರಡು.

"ಒಂದೇ ದಿನಕ್ಕೆ ಹಟ್ಟಿಯನ್ನೆಲ್ಲ ವಾಸಿ ಮಾಡಿದ ಔಷಧಿ ಎನಗೂ ಕೊಡಪ್ಪ. ಇದು ಇಳಿದರೆ ನಾನೇ ನಿಂತು ಮದುವೆ ಮಾಡಿಸ್ತೀನಿ."

ಸುಳ್ಳು ಹೇಳಿದ್ದರೆ ಗೌರಿಯ ಮದುವೆ ಅಂದೇ ನಿಶ್ಚಯ. ಆದರೆ ಆ ಮುದುಕಿಯ ಕಣ್ಣಿನಲ್ಲಿದ್ದ ಆಸೆಗೆ ಪುಸ್ತಕದಲ್ಲಿ ನಂಬರಿರಲಿಲ್ಲ. ಔಷಧಿಯೇ ಇಲ್ಲ, ಕಾಯಿಲೆಯೂ ಇರಲಿಲ್ಲ, ಇದ್ದದ್ದು ನಾನೊಬ್ಬ ಎಂದು ನಡೆದದ್ದನ್ನೆಲ್ಲ ಒಪ್ಪಿಸಿಬಿಟ್ಟೆ. ಅವರು ಗಡ್ಡೆ ಕುಲುಕುವಂತೆ ನಗತೊಡಗಿದರು. ಬಾಗಿಲಲ್ಲಿ ನಿಂತಿದ್ದವರೂ ಒಳಗೆ ಇಣುಕಿದರು.

"ಹಾಗಾದರೆ ಹುಡುಗಿ ಕಡೆ ದೋಷ ಅಂದರೆ ನೀನೊಬ್ಬನೇ?"

"ಹೌದು ಹೆತ್ತೆ."

"ಇದು ಸೋದರಮಾವನಿಂದ ಹುಡುಗಿಗೆ ಬರೋ ಕಾಯಿಲೆಯಾ?"

"ಇಲ್ಲ ಹೆತ್ತೆ, ಅವಳು ತಲೆ ಎತ್ತಿಕೊಂಡೇ ಓಡಾಡುತ್ತಾಳೆ."

ಡಾಕ್ಟರು ಗಡ್ಡೆಗೆ ಅಯೋಡಿನ್ ಬಳಿದು ಕಳುಹಿಸಿದರು. ಅದು ಪೂರ್ತಿ ಇಳಿಯಲಿಲ್ಲ. ಸಂಬಂಧ ಮಾತ್ರ ಕುದುರಿತು, ಒಂದು ಷರತ್ತಿನ ಮೇಲೆ: ಲಗ್ನಪತ್ರಿಕೆ ಬರೆಯಲು ಬೇರೆ ಯಾರನ್ನಾದರೂ ಕರೆಯಬೇಕು. ಮದುವೆಯ ದಿನ ನನಗೆ ಉಪ್ಪು ಬಡಿಸುವ ಕೆಲಸ ಕೊಟ್ಟರು. ತಲೆ ಬಗ್ಗಿಸಿಕೊಂಡೇ ಮಾಡಬಹುದಾದ ಕೆಲಸ ಅದೊಂದೇ ಎಂದು ಅಕ್ಕ ಆರಿಸಿದ್ದಳಂತೆ. ಎಲೆ ಬಿಟ್ಟು ಬೇರೇನನ್ನೂ ನೋಡದೆ ಸಾಲು ಮುಗಿಸಿ ಹಿಂತಿರುಗಿ ನೋಡುತ್ತೇನೆ, ಜನ ಇನ್ನೂ ಕೂತೇ ಇರಲಿಲ್ಲ.