ಹಿನ್ನೀರಿನ ದಂಡೆಯಲ್ಲಿ ಹಕ್ಕಿಗೆ ಉಂಗುರ

ಎಲ್ಲರೂ ಗಂಭೀರವಾಗಿ ಕೂತಿರುವ ಕಡೆಯೇ ನಗು ಬರುವಂಥದ್ದು ಯಾಕೆ ನಡೆಯುತ್ತದೋ, ನನಗೆ ಇವತ್ತಿಗೂ ತಿಳಿದಿಲ್ಲ. ಹಗರಿಬೊಮ್ಮನಹಳ್ಳಿ–ಕೊಟ್ಟೂರು ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದ ನನಗೆ ನಿವೃತ್ತಿಯಾದ ಮೇಲೆ ಹಕ್ಕಿ ನೋಡುವ ಹುಚ್ಚು ಹತ್ತಿತು. ಈ ಸಲ ಯುಗಾದಿಗೆ ಇನ್ನೂ ವಾರವಿತ್ತು. ಹಕ್ಕಿಗಳ ಸಂಶೋಧನೆ ಮಾಡುವ ಮೇಡಂ ಒಬ್ಬರು ಪರವಾನಗಿ ಪಡೆದು ತಂಬ್ರಹಳ್ಳಿ ಕಡೆಯ ಹಿನ್ನೀರಿಗೆ ಬಂದರು. ತೆಳ್ಳನೆಯ ಬಲೆ ಕಟ್ಟಿ, ಸಿಕ್ಕ ಹಕ್ಕಿಯ ಕಾಲಿಗೆ ನಂಬರ್ ಇರುವ ಪುಟ್ಟ ಉಂಗುರ ತೊಡಿಸಿ ಬಿಡುವುದು ಅವರ ಕೆಲಸ. ಅವರು ಹೇಳಿದ್ದನ್ನು ಬರೆದುಕೊಳ್ಳುವುದು ನನ್ನ ಕೆಲಸ.

೧. ಕಾಲುಂಗುರ

“ಸದ್ದು ಮಾಡಬೇಡಿ. ತುಂಬಾ ಹೆದರಿದರೆ ಅದರ ಉಸಿರೇ ನಿಂತುಹೋಗಬಹುದು,” ಎಂದಿದ್ದರು ಮೇಡಂ. ನಾನು ಉಸಿರನ್ನೂ ಅಳತೆ ಮಾಡಿ ಬಿಡುತ್ತಿದ್ದೆ. ಎಮ್ಮೆ ಮೇಯಿಸಲು ಬಂದಿದ್ದ ಅಜ್ಜಿಯೊಬ್ಬಳು ಮೆಲ್ಲಗೆ ಬಂದು ಪಕ್ಕದಲ್ಲಿ ಕೂತಳು. ಮೇಡಂ ಕೈಯಲ್ಲಿ ಹಳದಿ ಎದೆಯ ಸಿಪಿಲೆ ಹಕ್ಕಿ.

“ಕಾಲುಂಗುರೇನ್ ಯವ್ವಾ?” ಅಜ್ಜಿ ಪಿಸುಗುಟ್ಟಿದಳು.

“ಹಾಗೇ ಅಂದ್ಕೊಳ್ಳಿ ಅಜ್ಜಿ.”

“ಗಂಡೋ, ಹೆಣ್ಣೋ?”

“ಗಂಡು.”

ಅಜ್ಜಿ ತನ್ನ ಕಾಲುಂಗುರ ನೋಡಿಕೊಂಡಳು. “ಚಲೋ ಆತು ಬಿಡು. ಇಷ್ಟು ದಿನ ನಾವ ಹಾಕ್ಕೊಂಡ್ವಿ. ಇನ್ನ ಅವರೂ ಹಾಕ್ಕೊಳ್ಳಲಿ.”

೨. ಎಲ್ಲಿಗೆ?

ಉಂಗುರ ತೊಡಿಸಿ ಮುಗಿಸಿದ ಮೇಡಂ ಆ ಹಕ್ಕಿಯನ್ನು ನನ್ನ ಕಡೆ ಹಿಡಿದು, “ಬರೆದುಕೊಳ್ಳಿ,” ಎಂದರು. ಕೈಯಲ್ಲಿ ಪೆನ್ನು, ಎದುರಿಗೊಂದು ಮುಖ. ಮೂವತ್ತು ವರ್ಷದ ಚಾಳಿ ಎಲ್ಲಿ ಹೋಗುತ್ತದೆ? ಹಕ್ಕಿಯನ್ನೇ ನೋಡಿ, “ಎಲ್ಲಿಗ್ರಿ?” ಎಂದುಬಿಟ್ಟೆ.

ಮೇಡಂ ನಗಲಿಲ್ಲ. “ಹಿಮಾಲಯದ ಆಚೆಗೆ,” ಎಂದರು. “ಇನ್ನೇನು ಹೊರಡುತ್ತದೆ. ಎಷ್ಟೋ ಹಕ್ಕಿಗಳು ದಾರಿಯಲ್ಲೇ ಸಾಯುತ್ತವೆ.”

ಒಂದು ಹಿಡಿ ಕಡಲೆಯಷ್ಟೂ ತೂಕವಿಲ್ಲದ ಜೀವ. ಅಷ್ಟರಲ್ಲಿ ಅಜ್ಜಿ ನನ್ನ ಗುರುತು ಹಿಡಿದಳು.

“ಕಂಡಕ್ಟರಪ್ಪಾ, ನನ್ನ ಕೊಟ್ಟೂರಿನ ತನಕಾ ನಿಂದ್ರಿಸಿಕೊಂಡ ಹೋಗ್ತಿದ್ದಿ. ಇದು ದೂರದ ಪಯಣ. ಇದಕ್ಕಾದ್ರೂ ಸೀಟ್ ಕೊಡು.”

೩. ಬಿಸಿಲೇರಿದ ಮೇಲೆ

ಬಿಸಿಲು ಚುರುಗುಟ್ಟತೊಡಗಿತ್ತು. ಇನ್ನು ಬಲೆ ಬಿಚ್ಚಬೇಕು ಅನ್ನುವಾಗ ಇನ್ನೊಂದು ಸಿಪಿಲೆ ಸಿಕ್ಕಿತು. ಉಂಗುರ ತೊಡಿಸುವ ಮೊದಲೇ ಅದು ಮೇಡಂ ಅಂಗೈಯಲ್ಲಿ ಕತ್ತು ವಾಲಿಸಿ ಕಣ್ಣು ಮುಚ್ಚಿತು.

ಮೇಡಂ ಮುಖ ಬಿಳುಚಿತು. ಜಾಲಿ ಮರದ ನೆರಳಿಗೆ ಓಡಿದರು. ನನ್ನ ಟೋಪಿ ಇಸಿದುಕೊಂಡು ಅದರೊಳಗೆ ಹಕ್ಕಿಯನ್ನು ಮಲಗಿಸಿದರು. “ನನ್ನದೇ ತಪ್ಪು. ಇನ್ನೂ ಬೇಗ ಬಲೆ ಬಿಚ್ಚಬೇಕಿತ್ತು,” ಎಂದವರ ಕಣ್ಣು ತುಂಬಿತು. ಅಜ್ಜಿ ಸೆರಗು ಹಿಡಿದು ನೆರಳು ಮಾಡಿದಳು. ಮೂವರೂ ಹಾಗೇ ಕೂತೆವು. ಒಂದು ಜೀವ ಉಳಿಯಲಿ ಎಂದು ಅಷ್ಟು ಹೊತ್ತು ನಾನು ಎಂದೂ ಬೇಡಿಕೊಂಡಿರಲಿಲ್ಲ.

ಕೊನೆಗೆ ಒಂದು ಕಣ್ಣು ತೆರೆಯಿತು. ಆಮೇಲೆ ಬಾಲ ಅಲ್ಲಾಡಿತು. ಪುರ್ರನೆ ಎದ್ದದ್ದು ದೂರ ಹೋಗಲಾರದೆ ನನ್ನ ಬೋಳು ತಲೆಯ ಮೇಲೆ ಕೂತಿತು.

“ಅಲುಗಾಡಬೇಡಿ,” ಮೇಡಂ ಪಿಸುಗುಟ್ಟಿದರು. “ಸುಧಾರಿಸಿಕೊಳ್ಳಲಿ.”

ಕಲ್ಲಿನ ಕಂಬದಂತೆ ಕೂತೆ. ನೆತ್ತಿಯ ಮೇಲೆ ಪುಟ್ಟ ಉಗುರುಗಳು ತಾಗುತ್ತಿದ್ದವು. ಬದುಕಿತಲ್ಲ ಎಂದು ನನ್ನ ಕಣ್ಣಲ್ಲೂ ನೀರು ಬಂತು. ಆಗ ಹಣೆಯ ಮೇಲಿಂದ ಬೆಚ್ಚಗೆ ಏನೋ ಇಳಿಯಿತು. ಹಕ್ಕಿ ನೀರಿನ ಮೇಲೆ ಹಾರಿ ಉತ್ತರಕ್ಕೆ ಹೋಯಿತು.

ಮೇಡಂ ಅಳುತ್ತಲೇ ನಗತೊಡಗಿದರು. ಅಜ್ಜಿ ಮಾತ್ರ ನನ್ನ ಹಣೆಯನ್ನು ಗಂಭೀರವಾಗಿ ನೋಡಿ ಹೇಳಿದಳು:

“ನೀವು ಅದಕ್ಕ ಗುರುತು ಹಾಕಾಕ ಬಂದಿದ್ರಿ. ಅದ ನಿಮಗ ಹಾಕಿ ಹೋತು ನೋಡ್ರಿ.”