ಇಂಜಿನಿಯರ್ ಮನೆಯ ಡ್ರೈಯರ್

ಡ್ರೈಯರಿನ ಹೊಟ್ಟೆಯಿಂದ ಒಂದು ಅಂಗಿ ಎಳೆದು ಹೆಂಡತಿ ಅದನ್ನು ಗಂಡನ ಕೆನ್ನೆಗೆ ಒತ್ತಿದಳು. ಅಷ್ಟು ಹೊತ್ತು ಗಿರಗಿರ ತಿರುಗಿದ ಮೇಲೂ ಅಂಗಿ ಆಗತಾನೇ ಬಾವಿಯಿಂದ ಎತ್ತಿದ ಹಾಗೆ ತಣ್ಣಗಿತ್ತು.

"ತಿರುಗತ್ತೆ, ಬಿಸಿ ಆಗಲ್ಲ. ಥೇಟ್ ನಿಮ್ಮ ಹಾಗೇ. ನಾಳೆ ಆಫೀಸಿಗೆ ಹಾಕ್ಕೊಳ್ಳೋ ಅಂಗಿಗಳೆಲ್ಲ ಇದರಲ್ಲೇ ಇವೆ, ಹೊರಗೆ ನೋಡಿದ್ರೆ ಮಳೆ. ಸೂಪರ್‌ವೈಸರ್ ಆದ ಮೊದಲ ದಿನಾನೇ ಒದ್ದೆ ಅಂಗೀಲಿ ಹೋಗ್ತೀರಾ?"

"ಇನ್ನೂ ಆಗಿಲ್ಲ ಕಣೇ. ಸಾಯಂಕಾಲ ಬಾಸ್ ಫೋನ್ ಮಾಡಿ ಹೇಳ್ತಾರೆ."

"ಆಗದೆ ಏನು? ನಾನು ಎಲ್ಲರಿಗೂ ಹೇಳಿ ಆಗಿದೆ."

ಆತ ಕೆಲಸ ಮಾಡುತ್ತಿದ್ದುದು ಮನೆಬಳಕೆಯ ಯಂತ್ರಗಳನ್ನು ಮಾರುವ ಕಂಪನಿಯಲ್ಲಿ. ಯಂತ್ರ ಮಾಡುವ ಕೆಲಸವೂ ಅಲ್ಲ, ರಿಪೇರಿ ಮಾಡುವ ಕೆಲಸವೂ ಅಲ್ಲ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಗಿರಾಕಿಗಳ ದೂರು ಕೇಳುವುದು. ಮುಖ ನೋಡದ ಜನರಿಂದ ದಿನವಿಡೀ ಬೈಸಿಕೊಂಡು, ಕೊನೆಗೆ ಅವರಿಗೇ ಧನ್ಯವಾದ ಹೇಳುವುದು. ಸೂಪರ್‌ವೈಸರ್ ಆದರೆ ಹೆಡ್‌ಫೋನ್ ತೆಗೆದಿಡಬಹುದು. ಮನುಷ್ಯನಿಗೆ ಬೇರೆ ಯಾವ ಆಸೆಯೂ ಇರಲಿಲ್ಲ. ಬೈಗುಳವಿಲ್ಲದ ಒಂದು ಮಧ್ಯಾಹ್ನಕ್ಕಾಗಿ ಆತನ ಜೀವ ಹಂಬಲಿಸುತ್ತಿತ್ತು.

ಆದರೆ ಕಟ್ಟಡದ ಜನರೆಲ್ಲ ಆತನನ್ನು 'ಇಂಜಿನಿಯರ್' ಎಂದೇ ಕರೆಯುತ್ತಿದ್ದರು. ಯಂತ್ರದ ಕಂಪನಿ ಎಂದ ಮೇಲೆ ಇಂಜಿನಿಯರೇ ಇರಬೇಕು ಎಂದು ಯಾರೋ ಊಹಿಸಿದ್ದರು, ಈತ ಅಲ್ಲ ಅನ್ನಲಿಲ್ಲ. ಅನ್ನಬೇಕು ಅನ್ನಿಸುವ ಹೊತ್ತಿಗೆ ಕಾಲ ಮಿಂಚಿತ್ತು. ಬಾಯಲ್ಲಿಟ್ಟುಕೊಂಡ ಬಿಸಿ ತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಹೀಗಾಗಿ ಒಬ್ಬ ಮೆಕ್ಯಾನಿಕ್‌ನನ್ನು ಕರೆಸೋಣವೆಂದರೆ, ಇಂಜಿನಿಯರ್ ಮನೆಗೇ ಮೆಕ್ಯಾನಿಕ್ ಬಂದನೆಂದು ಮೆಟ್ಟಿಲು ಮೆಟ್ಟಿಲಿಗೂ ಸುದ್ದಿಯಾಗುತ್ತದೆ.

ಬಾಲ್ಕನಿಯ ಮೂಲೆಯಲ್ಲಿದ್ದ ಡ್ರೈಯರನ್ನು ಸದ್ದಿಲ್ಲದೆ ಮುಂದಕ್ಕೆಳೆದು ನೋಡೋಣವೆಂದುಕೊಂಡ. ಅದು ಹೆರಿಗೆ ನೋವು ಬಂದ ಎಮ್ಮೆಯ ಹಾಗೆ ಅರಚಿತು. ಕೂಡಲೇ ಮೇಲಿನ ಮಹಡಿಯ ನಿವೃತ್ತ ಡ್ರಿಲ್ ಮೇಷ್ಟ್ರು ಇಳಿದು ಬಂದರು.

"ಏನ್ ಇಂಜಿನಿಯರೇ, ಸರ್ವೀಸಾ? ಮಾಡಿ ಮಾಡಿ. ತಜ್ಞರು ಹೇಗೆ ಮಾಡ್ತಾರೆ ನೋಡೋಣ ಅಂತ ಬಂದೆ."

ತಜ್ಞ ಹಿಂದಿನ ತಗಡು ಬಿಚ್ಚಿ ಕೊಳವೆ ಕಳಚಿದ. ಅದರೊಳಗೆ ವರ್ಷಗಳಿಂದ ಕೂತಿದ್ದ ನೂಲಿನ ಧೂಳೆಲ್ಲ ದಸಕ್ಕನೆ ಅವನ ತಲೆಯ ಮೇಲೆ ಬಿತ್ತು. ಹೆಂಡತಿ ಅಡುಗೆಮನೆಯಿಂದ ಇಣುಕಿ, "ಸೂಪರ್‌ವೈಸರಿಗೆ ತಲೆ ನೆರೆತುಬಿಡ್ತಾ ಆಗಲೇ?" ಎಂದು ಒಳಗೆ ಹೋದಳು.

"ಬೆಲ್ಟ್ ಸಡಿಲ ಆಗಿದೆ ಇಂಜಿನಿಯರೇ," ಎಂದರು ಮೇಷ್ಟ್ರು. ತಿರುಗುತ್ತಿರುವ ಯಂತ್ರದ ಬೆಲ್ಟಿಗೆ ಏನೂ ಆಗಿರುವುದಿಲ್ಲ ಎಂಬುದು ಇಂಜಿನಿಯರಿಗೆ ಗೊತ್ತಿತ್ತು. ಆದರೆ ಹಾಗೆಂದರೆ ಮತ್ತೆ ಯಾವುದಕ್ಕೆ ಏನಾಗಿದೆ ಎಂದು ಹೇಳಬೇಕಾಗುತ್ತದೆ. "ನನಗೂ ಅದೇ ಅನುಮಾನ ಬಂತು," ಎಂದ. ಮೇಷ್ಟ್ರು ಬೆಲ್ಟಿಗೆ ಬೆರಳು ಹಾಕಿ ಜಗ್ಗಿದರು. ಹಳೆಯ ಬೆಲ್ಟು, ಪಟಕ್ಕನೆ ಹರಿದು ಅವರ ಕೈಗೇ ಬಂತು.

"ನೋಡಿದ್ರಾ, ನಾನು ಹೇಳಲಿಲ್ವಾ?" ಎಂದರು ಮೇಷ್ಟ್ರು.

ಬಿಸಿಯಾಗದಿದ್ದ ಡ್ರೈಯರು ಈಗ ತಿರುಗುವುದನ್ನೂ ಬಿಟ್ಟಿತು.

ಗಲಾಟೆ ಕೇಳಿ ಕೆಳಗಿನ ಅಂಗಡಿಯ ಟೈಲರ್ ಬಂದ. ಹೊಲಿಗೆ ಯಂತ್ರಕ್ಕೂ ಇದಕ್ಕೂ ಅಂಥ ವ್ಯತ್ಯಾಸವೇನಿಲ್ಲ ಎಂಬುದು ಅವನ ಸಿದ್ಧಾಂತ. "ಸಾರ್, ಭಾನುವಾರ ಬೆಲ್ಟ್ ಎಲ್ಲಿ ಸಿಗತ್ತೆ? ನನ್ನತ್ರ ಪೈಜಾಮದ ಲಾಡಿ ಇದೆ. ಮೂರು ಎಳೆ ಹೆಣೆದು ಹಾಕಿದ್ರೆ ಆನೆ ಕಟ್ಟಬಹುದು." ಲಾಡಿ ತಂದ, ಹೆಣೆದ, ಬಿಗಿದ. ಜೊತೆಗೆ ಸಿಕ್ಕ ಸಿಕ್ಕ ಸಂದಿಗೆಲ್ಲ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟ. ಬೀದೀಲಿ ಹೋಗೋ ಮಾರಿಯನ್ನು ಮನೆಗೆ ಕರೆದ ಹಾಗಾಯಿತು ಎಂದು ಇಂಜಿನಿಯರಿಗೆ ಅನ್ನಿಸಿತು. ಆದರೆ ಈ ಮಾರಿಗಳನ್ನು ಯಾರೂ ಕರೆದೂ ಇರಲಿಲ್ಲ.

"ಸ್ವಿಚ್ ಹಾಕಿ ಇಂಜಿನಿಯರೇ," ಎಂದರು ಮೇಷ್ಟ್ರು, ಓಟದ ಪಂದ್ಯಕ್ಕೆ ಸೀಟಿ ಊದುವವರ ಧಾಟಿಯಲ್ಲಿ.

ಹಾಕಿದ. ಡ್ರೈಯರು ಒಂದು ಸುತ್ತು ಮುಂದೆ ಹೋಯಿತು, ಅರ್ಧ ಸುತ್ತು ಹಿಂದೆ ಬಂತು. ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಎಣ್ಣೆ ಇಳಿದ ಜಾಗದಲ್ಲಿ ನೀಲಿ ಕಿಡಿ ಹಾರಿ, ಟಪ್ಪೆಂದು ಇಡೀ ಕಟ್ಟಡದ ಕರೆಂಟ್ ಹೋಯಿತು. ಎಲ್ಲ ಮಹಡಿಗಳಿಂದಲೂ ಬೈಗುಳ ಶುರುವಾಯಿತು. ರಜೆಯ ದಿನವೂ ಅದು ಆತನಿಗೆ ತಪ್ಪಲಿಲ್ಲ.

ಮೇಷ್ಟ್ರೂ ಟೈಲರೂ ಫ್ಯೂಸ್ ನೋಡಲು ಕೆಳಗಿಳಿದರು. ಅವರು ಹೋಗುವಾಗ ಇಂಜಿನಿಯರ್ ಮೇಷ್ಟ್ರ ಫೋನ್ ಕೇಳಿ ಇಸಿದುಕೊಂಡ. ತನ್ನದರಲ್ಲಿ ಚಾರ್ಜ್ ಇಲ್ಲ, ಕಂಪನಿಯ ಹಿರಿಯ ಇಂಜಿನಿಯರ್ ಹತ್ತಿರ ಒಂದು ಮಾತಾಡಬೇಕು ಎಂದ. ಅವನ ಲೆಕ್ಕಾಚಾರ ಬೇರೆಯಿತ್ತು. ಮೇಷ್ಟ್ರ ಹೆಸರಲ್ಲಿ ದೂರು ಕೊಡುವುದು, ಬಂದ ಮೆಕ್ಯಾನಿಕ್‌ನನ್ನು ಮೆಟ್ಟಿಲಲ್ಲೇ ಹಿಡಿದು ಒಳಗೆ ಸೇರಿಸುವುದು. ಮೂಗು ಹಿಡಿದುಕೊಂಡು ತನ್ನದೇ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದ.

ಎತ್ತಿದವಳು ಪಕ್ಕದ ಸೀಟಿನ ಹುಡುಗಿ. ಆಫೀಸಿನಲ್ಲಿ ಎಲ್ಲರೂ ಜೇನುದನಿ ಅನ್ನುವವಳು. ಕೆಲಸಕ್ಕೆ ಸೇರಿದಾಗ ಅವಳಿಗೆ ಪಾಠ ಹೇಳಿದವನು ಇವನೇ. ಮೇಷ್ಟ್ರ ಹೆಸರು ಹೇಳಿ, ಡ್ರೈಯರ್ ಕೆಟ್ಟಿದೆ ಎಂದ.

"ನಮಸ್ಕಾರ ಸಾರ್. ಪ್ಲಗ್ ಸರಿಯಾಗಿ ಕೂತಿದೆಯಾ?"

"ಕೂತಿದೆಯಮ್ಮಾ. ಮೊದಲು ಒಬ್ಬ ಮೆಕ್ಯಾನಿಕ್‌ನ ಕಳಿಸು."

"ಖಂಡಿತ ಸಾರ್. ಅದಕ್ಕೆ ಮುಂಚೆ, ಮನೇಲಿ ಕರೆಂಟ್ ಇದೆಯಾ?"

"ಇಲ್ಲ," ಎಂದ ಆತ.

"ಕರೆಂಟ್ ಇಲ್ಲದಿದ್ರೆ ಡ್ರೈಯರ್ ಓಡಲ್ಲ ಸಾರ್."

"ಅಷ್ಟೂ ಗೊತ್ತಾಗದ ದಡ್ಡ ಅಂದ್ಕೊಂಡಿದೀಯಾ ನನ್ನ?" ಎಂದು ಕೂಗಾಡಿದ. ಬೈಸಿಕೊಂಡೇ ಬದುಕಿದವನಿಗೆ ಬೈಯುವುದು ಇಷ್ಟು ಹಿತವಾಗಿರುತ್ತದೆಂದು ಗೊತ್ತಿರಲಿಲ್ಲ. ಇನ್ನೂ ಸ್ವಲ್ಪ ಬೈದ.

"ನಿಮ್ಮ ಕಷ್ಟ ನನಗೆ ಅರ್ಥ ಆಗತ್ತೆ ಸಾರ್. ಯಂತ್ರಾನ ಯಾರೂ ಬಿಚ್ಚಿಲ್ಲ ತಾನೆ?"

ಬಿಚ್ಚಿದ ಯಂತ್ರಕ್ಕೆ ಕಂಪನಿ ಮೆಕ್ಯಾನಿಕ್ ಕಳಿಸುವುದಿಲ್ಲ. "ಇಲ್ಲಮ್ಮಾ, ಯಾರೂ ಮುಟ್ಟಿಲ್ಲ."

"ಬಿಚ್ಚಿ ಗುಡ್ಡೆ ಹಾಕ್ಕೊಂಡು ಕೂತಿದೀರಲ್ರೀ," ಎಂದು ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು. "ಬಿಚ್ಚೋದು ಬಿಟ್ಟು ಇನ್ನೇನು ಬರತ್ತೆ ನಿಮಗೆ? ಅದಕ್ಕೆ ಪೈಜಾಮದ ಲಾಡಿ ಬೇರೆ ಕಟ್ಟಿದಾರೆ."

ಆ ಕಡೆ ಜೇನುದನಿ ನಗಲಿಲ್ಲ. ನಗದಿರುವುದನ್ನೂ ಇವನೇ ಕಲಿಸಿದ್ದ. "ಇರಲಿ ಸಾರ್. ಯಂತ್ರ ಸ್ವಲ್ಪ ಹೊತ್ತು ವಿಶ್ರಾಂತಿ ತಗೊಳ್ಳಲಿ. ನನ್ನ ಮಾತಿನಿಂದ ನಿಮಗೆ ಬೇಸರ ಏನೂ ಆಗಿಲ್ಲ ತಾನೆ?"

"ಛೆ ಛೆ, ನಿನ್ನ ಮೇಲೇನು ಬೇಸರ? ಇಲ್ಲಮ್ಮಾ," ಎಂದುಬಿಟ್ಟ. ಫೋನ್ ಕಟ್ಟಾಯಿತು.

ಆಗ ಹೊಳೆಯಿತು. ಮಾನವಂತರಾರೂ ಆ ಪ್ರಶ್ನೆಗೆ 'ಹೌದು, ಬೇಸರ ಆಗಿದೆ' ಅನ್ನುವುದಿಲ್ಲ. 'ಇಲ್ಲ' ಎಂದ ತಕ್ಷಣ 'ಗಿರಾಕಿಗೆ ತೃಪ್ತಿಯಾಗಿದೆ' ಎಂದು ಬರೆದು ದೂರು ಮುಗಿಸಬಹುದು. ಮೆಕ್ಯಾನಿಕ್ ಕಳಿಸುವ ಗೋಜಿಲ್ಲ. ಈ ಉಪಾಯ ಕಂಡುಹಿಡಿದವನು ಇವನೇ, ಚಹಾ ಕುಡಿಯುತ್ತ ಅವಳಿಗೆ ಧಾರೆ ಎರೆದವನೂ ಇವನೇ. ಗುರುವಿಗೇ ತಿರುಮಂತ್ರ ಬಿದ್ದಿತ್ತು. ಮತ್ತೆ ಫೋನ್ ಮಾಡೋಣವೆಂದರೆ ಮೇಷ್ಟ್ರು ಬಂದು ಫೋನ್ ವಾಪಸ್ ಕೇಳಿದರು.

ಸಾಯಂಕಾಲ ಕರೆಂಟ್ ಬಂತು. ಫೋನ್ ಚಾರ್ಜಿಗೆ ಹಾಕಿ ಸ್ವಲ್ಪ ಹೊತ್ತಿಗೆ ಬಾಸ್ ಕರೆ ಮಾಡಿದರು. ಸಿಹಿಸುದ್ದಿ ಕೇಳಲೆಂದು ಮೇಷ್ಟ್ರೂ ಟೈಲರೂ ಆಗಲೇ ಬಂದು ಕೂತಿದ್ದರು. ಎಲ್ಲರಿಗೂ ಕೇಳಲೆಂದು ಹೆಂಡತಿ ತಾನೇ ಸ್ಪೀಕರ್ ಒತ್ತಿದಳು.

"ಬೇಜಾರ್ ಮಾಡ್ಕೋಬೇಡ್ರೀ," ಎಂದರು ಬಾಸ್. "ಬೆಳಿಗ್ಗೆವರೆಗೂ ನಿಮ್ಮನ್ನೇ ಸೂಪರ್‌ವೈಸರ್ ಮಾಡೋದು ಅಂತಿದ್ದೆ. ಇವತ್ತು ಸುಮ್ಮನೆ ಕೂತು ಎಲ್ಲರ ಕರೆ ಕೇಳ್ತಿದ್ದೆ. ಒಬ್ಬ ಮೂಗು ಕಟ್ಟಿದ ಮನುಷ್ಯ, ಕರೆಂಟಿಲ್ಲದೆ ಡ್ರೈಯರ್ ಓಡಬೇಕಂತೆ ಅವನಿಗೆ. ಬಾಯಿಗೆ ಬಂದ ಹಾಗೆ ಬೈದ. ಅದಕ್ಕೆ ಪೈಜಾಮದ ಲಾಡಿ ಕಟ್ಟಿದ್ನಂತೆ ಕಣ್ರೀ. ನಿಮ್ಮ ಶಿಷ್ಯೆ ಒಂದು ಚೂರೂ ಸಿಡುಕದೆ ಮುಗಿಸಿದಳು ನೋಡಿ, ಅವಳನ್ನೇ ಸೂಪರ್‌ವೈಸರ್ ಮಾಡಿಬಿಟ್ಟೆ. ನೀವು ಅಲ್ಲೇ ಇರಿ. ಫೋನ್ ಎತ್ತೋದ್ರಲ್ಲಿ ನಿಮ್ಮನ್ನ ಬಿಟ್ರೆ ಇಲ್ಲ."

"ಫೋನ್ ಎತ್ತೋದಾ?" ಎಂದರು ಮೇಷ್ಟ್ರು ಮೆಲ್ಲಗೆ. ಟೈಲರ್ ಬಾಗಿಲಲ್ಲಿ ಬಿಟ್ಟ ತನ್ನ ಚಪ್ಪಲಿಯನ್ನೇ ನೋಡುತ್ತ ಕೂತ.

"ನಾಳೆ ಆ ಕರೇನ ಎಲ್ಲರಿಗೂ ಕೇಳಿಸ್ತೀನಿ. ಹಿಂದಿನಿಂದ ಅವನ ಹೆಂಡತಿ ಏನ್ ಜಾಡಿಸ್ತಾಳೆ ಅಂತೀರಿ, ನಕ್ಕು ನಕ್ಕು ಹೊಟ್ಟೆ ಹುಣ್ಣಾಗತ್ತೆ. ಬೇಗ ಬಂದು ಮುಂದೆ ಕೂತ್ಕೊಳ್ಳಿ."

ಆತನಿಗೆ ಅಳು ಬಂದಿತ್ತು. ಆದರೂ ಕೇಳಿದ, "ಸಾರ್, ಆ ಗಿರಾಕಿ ಮನೆಗೆ ಮೆಕ್ಯಾನಿಕ್ ಕಳಿಸ್ತೀರಾ?"

"ಯಾಕ್ರೀ ಕಳಿಸ್ಬೇಕು? ಅವನಿಗೆ ತೃಪ್ತಿ ಆಗಿದೆ."

ಹೆಂಡತಿ ಕೈ ಚಾಚಿ ಸ್ಪೀಕರ್ ಆರಿಸಿದಳು. ಎಲ್ಲರೂ ಕೇಳಿಯಾಗಿತ್ತು.